ಗುಡ್ಡದ ಬಡಾವಣೆಯ ವಿಚಿತ್ರ ಕಟ್ಟಡಗಳನ್ನು ನೋಡುವುದು ಹೇಗೆ: ಯೊಕೊಹಾಮಾ ಸುತ್ತಮುತ್ತ ನಡೆಯುವವರಿಗೆ ಹಂತಹಂತದ ಮಾರ್ಗದರ್ಶಿ

ಯೊಕೊಹಾಮಾದ ಗುಡ್ಡದ ಬಡಾವಣೆಗಳಿಗೆ ವಿಚಿತ್ರ ಮನೆ ನೋಡಲು ಹೋಗಿ ಬಂದವರ ಕಥೆ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಸ್ಟೇಷನ್ನಿನಿಂದ ಏರು ಹತ್ತಿದರು, ಅರ್ಧ ಗಂಟೆಗೆ ಏದುಸಿರು ಬಂತು, ಕಂಡದ್ದಕ್ಕೆಲ್ಲ ಫೋನ್ ಹಿಡಿದು ಇನ್ನೂರು ಫೋಟೋ ತೆಗೆದರು. ರಾತ್ರಿ ಕೂತು ನೋಡಿದರೆ ಯಾವುದು ಯಾವ ಬೀದಿಯದು, ಅದರಲ್ಲಿ ವಿಚಿತ್ರ ಏನಿತ್ತು ಎಂದು ಅವರಿಗೇ ನೆನಪಿಲ್ಲ. ಟೋಕಿಯೊದ ನಿಶಿ ಕಸಾಯ್ ಕಡೆ ಇರುವ ನಮ್ಮವರ ಪಾಡಂತೂ ಕೇಳುವುದೇ ಬೇಡ. ಅಲ್ಲಿನ ನೆಲ ಚಾಪೆ ಹಾಸಿದ ಹಾಗೆ ಮಟ್ಟ. ಏರು ಹತ್ತುವ ಅಭ್ಯಾಸ ಕಾಲಿಗೂ ಇಲ್ಲ, ಕಣ್ಣಿಗೂ ಇಲ್ಲ.

ತಪ್ಪುವುದು ಎಲ್ಲರೂ ಒಂದೇ ಕಡೆ. ಮನೆಯ ಮುಖ ನೋಡುತ್ತಾರೆ, ಅದು ನಿಂತ ನೆಲ ನೋಡುವುದಿಲ್ಲ. ಇಳಿಜಾರಿನಲ್ಲಿರುವ ಕಟ್ಟಡಕ್ಕೆ ಕಡಿಮೆಯೆಂದರೂ ಎರಡು ಮುಖ: ಮೇಲಿನ ರಸ್ತೆಗೊಂದು, ಕೆಳಗಿನ ರಸ್ತೆಗೊಂದು. ಒಂದನ್ನೇ ನೋಡಿ ಬಂದರೆ ಅರ್ಧ ಕಥೆ ಕೇಳಿ ಎದ್ದುಬಂದ ಹಾಗೆ. ಮುಂದೆ ಹೇಳುವ ಹಂತಗಳೆಲ್ಲ ಆ ಎರಡು ಮುಖಗಳನ್ನು ಒಟ್ಟಿಗೆ ಹಿಡಿಯುವುದಕ್ಕೇ ಇವೆ. ಕ್ರಮ ತಪ್ಪಿಸಬೇಡಿ.

ಬೇಕಾಗುವ ಸಾಮಾನು

ದುಬಾರಿ ಕ್ಯಾಮೆರಾ ಬೇಡ. ಉದ್ದ ಲೆನ್ಸ್ ಅಂತೂ ಬೇಡವೇ ಬೇಡ. ಮನೆಗಳ ಕಡೆ ಅದನ್ನು ತಿರುಗಿಸಿ ನಿಂತವನನ್ನು ಯಾವ ಊರಿನಲ್ಲೂ ಜನ ಸುಮ್ಮನೆ ಬಿಡುವುದಿಲ್ಲ.

ಹಿಡಿತ ಚೆನ್ನಾಗಿರುವ ಶೂ ಬೇಕು. ಜೇಬಿನಲ್ಲಿ ಹಿಡಿಸುವ ಚೌಕುಳಿ ಗೆರೆಯ ನೋಟ್‌ಬುಕ್, ಪೆನ್ಸಿಲ್ಲು. ಫೋನಿನಲ್ಲಿ ದಿಕ್ಸೂಚಿ ಮತ್ತು ಕ್ಯಾಮೆರಾದಲ್ಲಿ ಹಿಡಿದರೆ ಜಪಾನಿ ಬರಹ ಅನುವಾದಿಸುವ ಆ್ಯಪ್. ಬಸ್ಸಿಗೆ ಸುಯಿಕಾ ಅಥವಾ ಪಾಸ್ಮೊ ಕಾರ್ಡು. ಕಸ ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಚೀಲ, ಯಾಕೆಂದರೆ ಬೀದಿಯಲ್ಲಿ ಕಸದ ಡಬ್ಬಿ ಸಿಗುವುದಿಲ್ಲ. ಅಲ್ಲೇ ವಾಸ ಇರುವವರು ರೆಸಿಡೆನ್ಸ್ ಕಾರ್ಡ್, ಪ್ರವಾಸಕ್ಕೆ ಬಂದವರು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಲೇಬೇಕು. ಅದು ಸಲಹೆಯಲ್ಲ, ಕಾನೂನು.

ಕಾಲ ಯಾವುದು ಒಳ್ಳೆಯದು? ಡಿಸೆಂಬರಿನಿಂದ ಫೆಬ್ರವರಿ. ಎಲೆ ಉದುರಿ ತಡೆಗೋಡೆಗಳು ಬುಡದಿಂದ ತುದಿಯವರೆಗೆ ಕಾಣುತ್ತವೆ. ಆದರೆ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಬೆಳಗ್ಗೆ ಹತ್ತಕ್ಕೆ ಹೊರಟುಬಿಡಿ. ಜೂನಿನ ಮಳೆಯಲ್ಲಿ ಮೆಟ್ಟಿಲ ಮೇಲಿನ ಪಾಚಿ ಜಾರುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಪೊದೆಗಳ ಕಡೆ ದೊಡ್ಡ ಕಣಜಗಳ ಕಾಟ.

ಹಂತ 1: ಹೊರಡುವ ಮೊದಲು ನಕ್ಷೆ ನೋಡಿ

ಸಾಮಾನ್ಯ ನಕ್ಷೆಯಲ್ಲಿ ಎರಡು ರಸ್ತೆ ಅಕ್ಕಪಕ್ಕ ಕಾಣುತ್ತವೆ. ಹೋಗಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾಲ್ಕಾಳೆತ್ತರದ ಗೋಡೆ! ಆದ್ದರಿಂದ ಜಪಾನ್ ಸರ್ಕಾರದ ಭೂಮಾಪನ ಸಂಸ್ಥೆಯ ಆನ್‌ಲೈನ್ ನಕ್ಷೆ ತೆರೆಯಿರಿ. ‘ಚಿರಿ-ಇನ್ ಚಿಜು’ ಎಂದು ಹುಡುಕಿದರೆ ಸಿಗುತ್ತದೆ, ದುಡ್ಡಿಲ್ಲ. ಅದರಲ್ಲಿ ಮೂರು ಕೆಲಸ ಮಾಡಿ.

ಒಂದು, ಎತ್ತರಕ್ಕೆ ತಕ್ಕ ಬಣ್ಣ ಹಾಕಿ ತೋರಿಸುವ ಪದರ ಹಚ್ಚಿ. ಗುಡ್ಡದ ನೆತ್ತಿ ಯಾವುದು, ಕಣಿವೆ ಯಾವುದು ಎಂದು ತಕ್ಷಣ ಬಿಡಿಸಿಕೊಳ್ಳುತ್ತದೆ. ಎರಡು, ನೀವು ನಡೆಯಬೇಕೆಂದಿರುವ ದಾರಿಗೆ ಅಡ್ಡಲಾಗಿ ಗೆರೆ ಎಳೆದು ಅದರ ಅಡ್ಡಕೊಯ್ತ ನೋಡಿ. ಗೆರೆ ಎಲ್ಲಿ ಮೆಟ್ಟಿಲಿನ ಹಾಗೆ ಮುರಿಯುತ್ತದೋ ಅಲ್ಲಿ ಗೋಡೆ ಇದೆ, ಗೋಡೆ ಇದ್ದಲ್ಲಿ ನಿಮ್ಮ ಬೇಟೆ ಇದೆ. ಮೂರು, ಹಳೆಯ ವಿಮಾನಚಿತ್ರ ತೆರೆಯಿರಿ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಸೇನೆ ತೆಗೆದ ಕಪ್ಪುಬಿಳುಪು ಚಿತ್ರಗಳೂ ಇವೆ, 1970ರ ದಶಕದ ಬಣ್ಣದ ಚಿತ್ರಗಳೂ ಇವೆ. ಈಗ ಸಾಲುಮನೆ ಇರುವಲ್ಲಿ ಆಗ ಗದ್ದೆ ಇತ್ತೋ, ಕಾಡಿತ್ತೋ ಗೊತ್ತಾಗುತ್ತದೆ. ಗುಡ್ಡಗಳ ನಡುವೆ ಬೆರಳಿನ ಹಾಗೆ ಒಳಸೇರುವ ಇಂಥ ಗದ್ದೆಯ ಕಿರುಕಣಿವೆಗೆ ಅಲ್ಲಿನವರು ‘ಯಾತೊ’ ಎನ್ನುತ್ತಾರೆ. ನೆತ್ತಿ ಕಡಿದ ಮಣ್ಣನ್ನು ಯಾತೊಗೆ ತುಂಬಿ ಸೈಟು ಮಾಡಿದ ಬಡಾವಣೆಗಳು ಈ ಭಾಗದಲ್ಲಿ ತುಂಬ ಇವೆ.

ಊರಿನ ಹೆಸರೂ ಸುಳಿವು ಕೊಡುತ್ತದೆ. ಹೆಸರಿನ ಕೊನೆಗೆ ‘ದಾಯ್’ ಅಥವಾ ‘ಗಾವೊಕ’ ಬಂದರೆ ಎತ್ತರ, ‘ಯಾ’, ‘ಯಾತ್ಸು’, ‘ಸಾವಾ’ ಬಂದರೆ ತಗ್ಗು. ಇದನ್ನು ಪೂರ್ತಿ ನಂಬಬೇಡಿ. ಸೈಟು ಮಾರುವವರು ತಗ್ಗಿಗೂ ‘ಗಾವೊಕ’ ಎಂದು ಹೆಸರಿಟ್ಟದ್ದುಂಟು. ನಮ್ಮಲ್ಲಿ ಕೆರೆ ಅಂಗಳಕ್ಕೆ ‘ಹಿಲ್ ವ್ಯೂ’ ಎಂದು ಬೋರ್ಡು ಹಾಕುವ ಹಾಗೆ.

ಹಂತ 2: ಬಸ್ಸಿನಲ್ಲಿ ಹತ್ತಿ, ನಡೆದು ಇಳಿಯಿರಿ

ರೈಲು ಕಣಿವೆಯಲ್ಲಿ ಓಡುತ್ತದೆ, ಸ್ಟೇಷನ್ನು ತಗ್ಗಿನಲ್ಲಿರುತ್ತದೆ. ಅಲ್ಲಿಂದ ನಡೆದು ಹತ್ತಲು ಶುರುಮಾಡುವುದೇ ಮೊದಲ ದೊಡ್ಡ ತಪ್ಪು. ಏರು ಹತ್ತುವವನ ಕಣ್ಣು ತನ್ನ ಕಾಲ ಮೇಲಿರುತ್ತದೆ, ಮನೆಗಳ ಮೇಲಲ್ಲ.

ಸ್ಟೇಷನ್ ಮುಂದಿನಿಂದ ಗುಡ್ಡದ ಮೇಲಿನ ಬಡಾವಣೆಗೆ ಹೋಗುವ ಬಸ್ ಹಿಡಿಯಿರಿ. ಹೆಸರಿನಲ್ಲಿ ‘ದಾಂಚಿ’ ಎಂದಿದ್ದರೆ ಅದು ಸಾಲು ಅಪಾರ್ಟ್‌ಮೆಂಟುಗಳ ಕಾಲೊನಿ, ಸಾಮಾನ್ಯವಾಗಿ ಎತ್ತರದಲ್ಲೇ ಇರುತ್ತದೆ. ಕೊನೆಯ ಸ್ಟಾಪಿನಲ್ಲಿ ಇಳಿದು ಅಲ್ಲಿಂದ ಕೆಳಮುಖವಾಗಿ ನಡೆಯಿರಿ.

ನೇರ ಇಳಿಯಬೇಡಿ. ಗುಡ್ಡಕ್ಕೆ ಅಡ್ಡಲಾಗಿ ಹೋಗುವ ರಸ್ತೆಯಲ್ಲಿ ನೂರಿನ್ನೂರು ಮೀಟರ್ ನಡೆದು, ಮೆಟ್ಟಿಲು ಸಿಕ್ಕಲ್ಲಿ ಒಂದು ಮಟ್ಟ ಇಳಿದು, ಈಗ ನಡೆದದ್ದರ ಕೆಳಗಿನ ರಸ್ತೆಯಲ್ಲಿ ವಾಪಸ್ ಬನ್ನಿ. ಹೊಲ ಉಳುವ ಎತ್ತು ತಿರುಗಿದ ಹಾಗೆ. ಹೀಗೆ ಮಾಡಿದರೆ ಪ್ರತಿ ಮನೆಯ ಎರಡೂ ಮುಖ ತಾನಾಗಿ ಸಿಗುತ್ತವೆ. ಎರಡು ತಾಸಿಗೆ ಮೂರು ಅಥವಾ ನಾಲ್ಕು ಮಟ್ಟ ಸಾಕು. ಹೆಚ್ಚು ಆಸೆಪಟ್ಟರೆ ಮೊಣಕಾಲು ಹೇಳುತ್ತದೆ. ಇಳಿಯುವಾಗಲೇ ಮೊಣಕಾಲಿಗೆ ಪೆಟ್ಟು ಜಾಸ್ತಿ ಎಂಬುದು ನೆನಪಿರಲಿ.

ಕಾಂಕ್ರೀಟ್ ರಸ್ತೆಯ ಮೇಲೆ ದೊಡ್ಡ ಬಳೆ ಒತ್ತಿದ ಹಾಗೆ ದುಂಡು ಗುರುತುಗಳು ಸಾಲಾಗಿ ಕಂಡರೆ ಮುಂದೆ ಇಳಿಜಾರು ಕಡಿದಾಗಿದೆ ಎಂದರ್ಥ. ಗಾಡಿಯ ಚಕ್ರ, ಚಪ್ಪಲಿ ಜಾರದಿರಲಿ ಎಂದು ಹಸಿ ಕಾಂಕ್ರೀಟಿನಲ್ಲಿ ಮಾಡಿದ ಗುಳಿಗಳವು. ಅಂಥಲ್ಲಿ ಫೋನ್ ಜೇಬಿಗಿಟ್ಟು ಇಳಿಯಿರಿ.

ಹಂತ 3: ಮೊದಲು ಗೋಡೆ, ಆಮೇಲೆ ಮನೆ

ಇದು ಮುಖ್ಯ ಹಂತ. ಇದನ್ನು ಹಾರಿಸಿದವರು ಮುಂದೆ ಎಲ್ಲೂ ದಡ ಮುಟ್ಟುವುದಿಲ್ಲ.

ಮಲೆನಾಡಿನವರಿಗೆ ಧರೆ ಎಂದರೆ ಬಿಡಿಸಿ ಹೇಳಬೇಕಿಲ್ಲ. ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂದೆ ಉಳಿಯುವ ಮಣ್ಣಿನ ಎದೆ ಅದು. ಯೊಕೊಹಾಮಾದಲ್ಲಿ ಬರಿ ಧರೆ ಕಾಣುವುದು ಅಪರೂಪ, ಅದಕ್ಕೆಲ್ಲ ಗೋಡೆ ಹೊದಿಸಿದ್ದಾರೆ. ಜಪಾನಿಯಲ್ಲಿ ‘ಯೋಹೆಕಿ’, ನಮ್ಮ ತಡೆಗೋಡೆ. ಮನೆ ಎದುರು ನಿಂತ ಕೂಡಲೇ ತಲೆ ಎತ್ತಬೇಡಿ. ಬುಡದ ಚರಂಡಿಯಿಂದ ಶುರುಮಾಡಿ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ.

ಬೂದು ಬಣ್ಣಕ್ಕೆ ತುಸು ಹಸಿರು ಬೆರೆತ, ಅಲ್ಲಲ್ಲಿ ಕಂದು ಬಣ್ಣದ ಗುಳಿ ಬಿದ್ದ ಮೆದುವಾದ ಕಲ್ಲು ಕಂಡರೆ ಅದು ‘ಓಯಾ’ ಕಲ್ಲು, ತೊಚಿಗಿ ಪ್ರಾಂತದ ಉತ್ಸುನೊಮಿಯಾ ಕಡೆಯದು. ಆ ಗುಳಿಗಳಿಗೆ ಅಲ್ಲಿನವರು ‘ಮಿಸೊ’ ಎನ್ನುತ್ತಾರೆ, ಹುದುಗಿಸಿದ ಸೋಯಾ ಮುದ್ದೆಯಾದ ಮಿಸೊವಿನ ಬಣ್ಣವಿರುವುದಕ್ಕೆ. ಹಳೆಯ ಗೋಡೆಗಳಲ್ಲಿ ಮೂಲೆಗಳು ಸವೆದು ಸೋಪಿನ ಹಾಗೆ ದುಂಡಗಾಗಿರುತ್ತವೆ. ಇನ್ನೊಂದು ಬಗೆ, ನಮ್ಮ ಸೈಜುಗಲ್ಲಿನ ಗೋಡೆಯ ಹಾಗೆ ಕಾಣುವುದು. ಮುಖ ಸುಮಾರು 30 ಸೆಂಟಿಮೀಟರ್ ಚೌಕ, ಹಿಂಬದಿ ಮೊಳೆಯ ಹಾಗೆ ಸಪೂರ. ಇದಕ್ಕೆ ‘ಕೆಂಚಿ’ ಕಲ್ಲು ಎಂದು ಹೆಸರು. ಅಡ್ಡಸಾಲಿನಲ್ಲಿ ಅಲ್ಲ, ಮೂಲೆ ಮೇಲಾಗಿ ವಜ್ರಾಕೃತಿಯಲ್ಲಿ ಕೂರಿಸಿ ಗೋಡೆಯನ್ನು ಗುಡ್ಡದ ಕಡೆಗೆ ವಾಲಿಸಿರುತ್ತಾರೆ. ಹೊಸ ಗೋಡೆಗಳು ನೆಟ್ಟಗೆ ನಿಂತ ಬರಿ ಕಾಂಕ್ರೀಟು.

ಈಗ ಎಷ್ಟು ಪದರ ಇದೆ ಎಂದು ಎಣಿಸಿ. ಕೆಳಗೆ ಓಯಾ ಕಲ್ಲು, ಅದರ ಮೇಲೆ ಕಾಂಕ್ರೀಟು, ಅದರ ಮೇಲೆ ನಾಲ್ಕು ವರಸೆ ಸಿಮೆಂಟ್ ಬ್ಲಾಕು ಇದ್ದರೆ ಆ ಸೈಟನ್ನು ಮೂರು ಸಲ ಎತ್ತರಿಸಿದ್ದಾರೆ. ನಾನೊಮ್ಮೆ ಹೀಗೆ ಬೆರಳು ಮಡಚಿ ವರಸೆ ಎಣಿಸುತ್ತಿದ್ದಾಗ ಮೇಲಿನಿಂದ ಒಬ್ಬ ಅಜ್ಜ ಇಣುಕಿ, ‘ಹತ್ತು ಇವೆ, ನಾನೇ ಎಣಿಸಿದ್ದೇನೆ’ ಎಂದ. ಮೇಲಿನ ಮೂರು ವರಸೆ ಅವನ ಅಪ್ಪ ಹಾಕಿಸಿದ್ದಂತೆ. ಅಂಗಳ ಕೆಳಗಿನ ರಸ್ತೆ ಕಡೆ ವಾಲಿತ್ತು, ಕ್ಯಾಮೆಲಿಯಾ ಗಿಡ ನೆಡಲು ಮಟ್ಟ ನೆಲ ಬೇಕಿತ್ತು, ಮಣ್ಣು ತುಂಬಿಸಿದರು. ಬ್ಲಾಕು ಇರುವುದು ಬೇಲಿಗೆ, ಮಣ್ಣು ಹೊರುವುದಕ್ಕಲ್ಲ. ಗೋಡೆ ನೋಡಬಲ್ಲವರ ಕಣ್ಣಿಗೆ ಅದು ಕೆಟ್ಟ ಕೆಲಸ. ಆದರೆ ಆ ಮನೆ ರಸ್ತೆಯಿಂದ ಯಾಕಷ್ಟು ಹಿಂದಕ್ಕೆ, ಯಾಕಷ್ಟು ಎತ್ತರಕ್ಕೆ ಕಾಣುತ್ತದೆ ಎಂಬ ಪ್ರಶ್ನೆಗೆ ಆ ಮೂರು ವರಸೆಗಳೇ ಉತ್ತರವಾಗಿದ್ದವು.

ಗೋಡೆಯಲ್ಲಿ ನೀರು ಬಸಿಯುವ ತೂತುಗಳನ್ನೂ ನೋಡಿ. ನಿಯಮದ ಪ್ರಕಾರ ಪ್ರತಿ 3 ಚದರ ಮೀಟರಿಗೆ ಕಡಿಮೆಯೆಂದರೂ ಒಂದು, ಒಳವ್ಯಾಸ 7.5 ಸೆಂಟಿಮೀಟರ್ ಇರಬೇಕು. ತೂತೇ ಇಲ್ಲದ ಗೋಡೆ ನಿಯಮಕ್ಕಿಂತ ಹಳೆಯದಿರಬೇಕು, ಇಲ್ಲವೇ ಯಾರೂ ತಪಾಸಣೆ ಮಾಡದೆ ಕಟ್ಟಿದ್ದು. ಸೈಟಿಗಾಗಿ ಗುಡ್ಡ ಕಡಿಯುವುದನ್ನು ಹದ್ದುಬಸ್ತಿಗೆ ತಂದ ಕಾನೂನು ಬಂದದ್ದು 1961ರಲ್ಲಿ. 2021ರ ಜುಲೈನಲ್ಲಿ ಅತಾಮಿಯಲ್ಲಿ ಮಣ್ಣಿನ ರಾಶಿ ಕುಸಿದು ಹರಿದ ಮೇಲೆ ಅದನ್ನು ಬಿಗಿಗೊಳಿಸಿ, 2023ರ ಮೇ ತಿಂಗಳಿಂದ ಜಾರಿಗೆ ತಂದರು.

ಗೋಡೆಯ ಹೊಟ್ಟೆ ಕೊರೆದು ಮಾಡಿದ ಕಾರ್ ಶೆಡ್ಡು ಇನ್ನೊಂದು ಮಾಮೂಲಿ ದೃಶ್ಯ. ಶಟರು ರಸ್ತೆ ಮಟ್ಟದಲ್ಲಿ, ಅದರ ಚಾವಣಿಯ ಮೇಲೆ ಅಂಗಳ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಇದನ್ನು ಮನೆಯ ನೆಲಮಹಡಿ ಎಂದು ಎಣಿಸುವುದು ಹೊಸಬರು ಮಾಡುವ ತಪ್ಪು. ಅದು ಗೋಡೆಯ ಭಾಗ, ಮನೆಗಿಂತ ಹಳೆಯದೂ ಆಗಿರಬಹುದು. ಶೆಡ್ಡಿನ ಬಾಗಿಲು ಇವತ್ತಿನ ಕಾರಿಗೆ ಸಾಲದಷ್ಟು ಕಿರಿದಾಗಿದ್ದು, ಒಳಗೆ ಸೈಕಲ್, ಹೂಕುಂಡಗಳೇ ತುಂಬಿದ್ದರೆ ಹಳೆಯದೆಂದು ಬರೆದುಕೊಳ್ಳಿ.

ಹಂತ 4: ಕೆಳಗಿನ ರಸ್ತೆಗೆ ಇಳಿದು ಅದೇ ಕಟ್ಟಡವನ್ನು ಮತ್ತೆ ನೋಡಿ

ಮೇಲಿನ ರಸ್ತೆಯಲ್ಲಿ ನಡೆಯುವಾಗ ಒಂದಂತಸ್ತಿನ ಸಾದಾ ಮನೆ ಕಂಡಿತು ಎನ್ನಿ. ಎದುರಿಗೆ ಕಾರು ನಿಲ್ಲಿಸಿದ ಕಬ್ಬಿಣದ ಅಟ್ಟ, ಬಾಗಿಲಿಗೆ ಹೋಗಲು ಎರಡು ಮೀಟರಿನ ಪುಟ್ಟ ಸೇತುವೆ. ಸೇತುವೆ ಕಂಡ ಕೂಡಲೇ ಎಚ್ಚರವಾಗಿ: ಆ ಮನೆ ರಸ್ತೆಯನ್ನು ಮುಟ್ಟಿಲ್ಲ. ಅದರ ಕಾಲು ಕೆಳಗೆಲ್ಲೋ ಇದೆ. ಒಂದು ಮಟ್ಟ ಇಳಿದು ಹಿಂತಿರುಗಿ ನೋಡಿದರೆ ಅದೇ ಮನೆ ಮೂರಂತಸ್ತಿನದು. ಮಲಗುವ ಕೋಣೆ ಕೆಳಗೆ, ಅಡುಗೆಮನೆ ಮೇಲೆ, ಕಾರಿನ ಅಟ್ಟ ಉದ್ದನೆಯ ಕಬ್ಬಿಣದ ಕಂಬಗಳ ಮೇಲೆ ಗಾಳಿಯಲ್ಲಿ ನಿಂತಿದೆ. ಆ ಕಂಬಗಳ ಬುಡದಲ್ಲಿ ಯಾರೋ ಹಸಿಮಣ್ಣಿಗೆ ಈರುಳ್ಳಿ ನೆಟ್ಟಿರುವುದನ್ನು ನಾನು ನೋಡಿದ್ದೇನೆ. ಮೇಲೆ ಕಾರು, ಕೆಳಗೆ ಈರುಳ್ಳಿ ಮಡಿ.

ಇದಕ್ಕಿಂತ ದೊಡ್ಡ ಬೇಟೆ ಇಳಿಜಾರಿನ ಅಪಾರ್ಟ್‌ಮೆಂಟು. ಮೇಲಿನಿಂದ ಮೂರಂತಸ್ತು, ಕೆಳಗಿನಿಂದ ಏಳೋ ಎಂಟೋ. ಮನೆಗಳಿಗೆ ಎತ್ತರದ ಮಿತಿ 10 ಅಥವಾ 12 ಮೀಟರ್ ಇರುವ ತಗ್ಗುಮನೆ ವಲಯದಲ್ಲಿ ಇದು ಹೇಗೆ ಸಾಧ್ಯ? ಕಾಗದದಲ್ಲಿ ಕೆಳಗಿನ ಅಂತಸ್ತುಗಳೆಲ್ಲ ‘ನೆಲಮಾಳಿಗೆ’. ಜಪಾನಿನ ಕಟ್ಟಡ ಕಾನೂನಿನಲ್ಲಿ ಕೋಣೆಯ ಎತ್ತರದ ಮೂರನೇ ಒಂದು ಪಾಲು ನೆಲದೊಳಗಿದ್ದರೆ ಅದು ನೆಲಮಾಳಿಗೆ. ಬೆನ್ನು ಮಣ್ಣಿಗೆ, ಮುಖ ಬಿಸಿಲಿಗೆ ಇದ್ದರೂ ಸರಿಯೇ. 1994ರ ತಿದ್ದುಪಡಿಯಲ್ಲಿ ವಾಸದ ಕಟ್ಟಡದ ನೆಲಮಾಳಿಗೆಯನ್ನು ಒಟ್ಟು ವಿಸ್ತೀರ್ಣದ ಮೂರನೇ ಒಂದರವರೆಗೆ, ಸೈಟಿನಲ್ಲಿ ಇಷ್ಟೇ ಕಟ್ಟಬಹುದು ಎಂಬ ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು. ಮಟ್ಟ ಊರಿನಲ್ಲಿ ಚಿಕ್ಕ ಮನೆಗೊಂದು ಉಗ್ರಾಣ ಸಿಗಲಿ ಎಂಬ ಉದ್ದೇಶ ಇದ್ದಿರಬಹುದು. ಗುಡ್ಡದಲ್ಲಿ ಬಿಲ್ಡರುಗಳಿಗೆ ಹಬ್ಬವಾಯಿತು. ಅಕ್ಕಪಕ್ಕದವರ ಜಗಳ ಹೆಚ್ಚಿ, 2004ರಲ್ಲಿ ಯೊಕೊಹಾಮಾ ನಗರ ಇಂಥವಕ್ಕೆ ಕಡಿವಾಣ ಹಾಕುವ ನಿಯಮ ತಂದಿತು. ಹಾಗಾಗಿ ಇಂಥ ಕಟ್ಟಡ ಕಂಡರೆ ಆ ಹತ್ತು ವರ್ಷದ ನಡುವಿನದೇ ಎಂದು ಮೊದಲ ಊಹೆ ಮಾಡಿ, ಆಮೇಲೆ ಪರೀಕ್ಷಿಸಿ.

ಕೆಲಸ ನಡೆಯುತ್ತಿರುವ ಸೈಟು ಸಿಕ್ಕರೆ ಬೇಲಿಗೆ ಹಾಕಿದ ಬಿಳಿ ಫಲಕಕ್ಕೆ ಅನುವಾದದ ಆ್ಯಪ್ ಹಿಡಿಯಿರಿ. ಕಟ್ಟಡದ ಬಳಕೆ, ಎತ್ತರ, ನೆಲದ ಮೇಲೆ ಎಷ್ಟು ಅಂತಸ್ತು, ನೆಲದೊಳಗೆ ಎಷ್ಟು ಎಲ್ಲವೂ ಅದರಲ್ಲಿ ಇರುತ್ತದೆ. ‘ನೆಲದ ಮೇಲೆ 3, ನೆಲದೊಳಗೆ 2’ ಎಂದು ಓದಿ, ಕೆಳಗಿನ ರಸ್ತೆಗೆ ಹೋಗಿ ಐದು ಸಾಲು ಬಾಲ್ಕನಿ ಎಣಿಸುವ ಸುಖವೇ ಬೇರೆ.

ಇದೇ ಇಳಿಜಾರನ್ನು ಕದ್ದು ಬಳಸದೆ ನೇರವಾಗಿ ಎದುರಿಸಿದ್ದನ್ನು ನೋಡಬೇಕೆಂದರೆ ಕೋಬೆಯ ನಾಡಾ ವಾರ್ಡಿಗೆ ಹೋಗಿ. ತದಾವೊ ಆಂದೊ ವಿನ್ಯಾಸದ ರೊಕ್ಕೊ ಹೌಸಿಂಗ್ ಅಲ್ಲಿದೆ. ಮೊದಲ ಭಾಗ 1983ರದು, ಸುಮಾರು 60 ಡಿಗ್ರಿ ಇಳಿಜಾರಿಗೆ ಅಂಟಿಕೊಂಡು ಹತ್ತುತ್ತದೆ. ಒಳಗೆ ಜನ ವಾಸವಿದ್ದಾರೆ, ರಸ್ತೆಯಿಂದ ನೋಡಿ ಬನ್ನಿ, ಮೆಟ್ಟಿಲು ಹತ್ತಬೇಡಿ.

ಹಂತ 5: ಕತ್ತರಿಸಿದ ಚಾವಣಿಗೆ ಕಾರಣ ಹುಡುಕಿ

ಬೆಂಗಳೂರಿನಲ್ಲಿ ಮನೆ ಸೊಟ್ಟಗಿದ್ದರೆ ವಾಸ್ತು ಇರಬೇಕು, ಇಲ್ಲ ಯಜಮಾನನ ಹಟ ಇರಬೇಕು ಎನ್ನುತ್ತೇವೆ. ಜಪಾನಿನಲ್ಲಿ ಮೊದಲು ಕಾನೂನನ್ನು ಅನುಮಾನಿಸಿ.

ಮನೆಯ ಒಂದು ಬದಿಯ ಚಾವಣಿಯನ್ನು ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗಿದ್ದರೆ ದಿಕ್ಸೂಚಿ ತೆಗೆಯಿರಿ. ಕೊಯ್ದ ಬದಿ ಉತ್ತರಕ್ಕಿದ್ದರೆ ಅದು ಹಿಂದಿನ ಮನೆಯ ಬಿಸಿಲು ಉಳಿಸುವ ನಿಯಮ. ತಗ್ಗುಮನೆ ವಲಯದಲ್ಲಿ ಉತ್ತರದ ಗಡಿಯ ಮೇಲೆ 5 ಮೀಟರ್ ಎತ್ತರದಿಂದ ಶುರುವಾಗಿ, ಒಂದು ಮೀಟರ್ ಒಳಗೆ ಸರಿದರೆ 1.25 ಮೀಟರ್ ಏರುವ ಒಂದು ಓರೆಗೆರೆ ಇದೆ ಎಂದು ಕಲ್ಪಿಸಿಕೊಳ್ಳಿ. ಮನೆ ಅದನ್ನು ದಾಟುವಂತಿಲ್ಲ. ಕೊಯ್ದ ಬದಿ ರಸ್ತೆ ಕಡೆಗಿದ್ದರೆ ಅದು ರಸ್ತೆಗೆ ಬೆಳಕು ಬಿಡುವ ನಿಯಮ. ಎರಡೂ ಅಲ್ಲವಾದರೆ ಆಗ ಯಜಮಾನನ ಹಟ ಎಂದು ಬರೆದುಕೊಳ್ಳಿ, ಪರವಾಗಿಲ್ಲ.

ಎರಡನೆಯದು ರಸ್ತೆಯ ಅಗಲ. 1950ರ ಕಟ್ಟಡ ಕಾನೂನಿನಂತೆ ರಸ್ತೆ 4 ಮೀಟರ್ ಇರಬೇಕು, ಸೈಟಿನ ಕಡಿಮೆಯೆಂದರೂ 2 ಮೀಟರ್ ಅಂಚು ಅದಕ್ಕೆ ತಾಗಿರಬೇಕು. ಹಳೆಯ ಓಣಿ ಕಿರಿದಾಗಿದ್ದರೆ, ಹೊಸದಾಗಿ ಕಟ್ಟುವವರು ಓಣಿಯ ನಡುಗೆರೆಯಿಂದ 2 ಮೀಟರ್ ಹಿಂದೆ ಸರಿಯಬೇಕು. ಓಣಿಯ ಎದುರು ಬದಿ ಧರೆಯೋ ಹೊಳೆಯೋ ಆಗಿದ್ದರೆ ಅದು ಸರಿಯಲಾರದು, ಆ ಅಂಚಿನಿಂದ 4 ಮೀಟರ್ ಆಗಲು ಬೇಕಾದಷ್ಟನ್ನು ಈ ಬದಿಯವರೇ ಬಿಡಬೇಕು. ಗುಡ್ಡದ ಓಣಿಯಲ್ಲಿ ಒಂದು ಮನೆ ಮುಂದೆ, ಪಕ್ಕದ್ದು ಹಿಂದೆ, ಮತ್ತೊಂದು ಮುಂದೆ, ಹಲ್ಲು ಉದುರಿದ ಬಾಯಿಯ ಹಾಗೆ ಕಂಡರೆ ಕಾರಣ ಇದೇ. ಹಿಂದೆ ಸರಿದದ್ದು ಹೊಸದು. ಓಣಿ ಮೂಲೆಯ ಮನೆಗಳ ಕಾಂಪೌಂಡು ಓರೆಯಾಗಿ ಕತ್ತರಿಸಿರುವುದಕ್ಕೆ ‘ಸುಮಿಕಿರಿ’ ಎನ್ನುತ್ತಾರೆ, ಗಾಡಿ ತಿರುಗಲು ಬಿಟ್ಟ ಜಾಗ. ಕೊನೇ ಇಂಚನ್ನೂ ಬಿಡದ ನಮ್ಮ ಕಾರ್ನರ್ ಸೈಟಿನವರು ಇದನ್ನು ನೋಡಬೇಕು.

ಎರಡು ಮೀಟರ್ ದಾರಿಯೊಂದು ಎರಡು ಮನೆಗಳ ನಡುವೆ ನುಸುಳಿ ಹಿಂದೆ ಅಗಲವಾದರೆ ಅದು ‘ಹಾತಾಜಾವೊಚಿ’, ಬಾವುಟ ಮತ್ತು ಕೋಲಿನ ಆಕಾರದ ಸೈಟು. ಅಷ್ಟೂ ದಾರಿ ಇಲ್ಲದವರ ಗತಿ? ಹೊಸ ಮನೆ ಕಟ್ಟಲು ಪರವಾನಗಿ ಸಿಗುವುದು ಕಷ್ಟ. ಇದ್ದದ್ದಕ್ಕೇ ತಗಡು ಹೊಡೆದು, ಒಂದು ಕೋಣೆ ಸೇರಿಸಿ, ಕಿಟಕಿ ಬದಲಿಸಿ ಬದುಕುತ್ತಾರೆ. ಯೊಕೊಹಾಮಾ ಪಕ್ಕದ ಯೊಕೊಸುಕಾ ಊರಿನ ಹೆಮಿ, ಶಿಯೊಇರಿ ಸ್ಟೇಷನ್‌ಗಳ ಹಿಂದಿನ ಯಾತೊಗಳಲ್ಲಿ ಮೆಟ್ಟಿಲಿನಿಂದ ಮಾತ್ರ ತಲುಪಬಹುದಾದ ಮನೆಗಳಿವೆ. ಐದು ಕಾಲದ ಐದು ಬಗೆಯ ಹೊದಿಕೆ ಒಂದೇ ಗೋಡೆಯಲ್ಲಿ ನೋಡಬೇಕೆಂದರೆ ಅಲ್ಲಿಗೆ ಹೋಗಿ. ಫ್ರಿಜ್ಜು ಆ ಮೆಟ್ಟಿಲಲ್ಲಿ ಹೇಗೆ ಹತ್ತಿತು ಎಂದು ಕೇಳಿಕೊಳ್ಳುತ್ತಾ ನಡೆಯಿರಿ.

ಕಾನೂನಿಗೆ ಸಂಬಂಧವಿಲ್ಲದ ವಿಚಿತ್ರವೂ ಒಂದಿದೆ. ಹೆಂಚಿನ ಜಪಾನಿ ಮನೆಯ ಬಾಗಿಲ ಪಕ್ಕಕ್ಕೆ, ಚೂಪು ಚಾವಣಿಯ ಒಂದೇ ಒಂದು ಪಾಶ್ಚಾತ್ಯ ಕೋಣೆ ಅಂಟಿಸಿದ ಮನೆಗಳು. 1920–30ರ ದಶಕದ ಶೋಕಿ, ಬಂದವರನ್ನು ಕುರ್ಚಿಯಲ್ಲಿ ಕೂರಿಸಲು. ಯೊಕೊಹಾಮಾದ ಗುಡ್ಡಗಳಲ್ಲಿ ಇನ್ನೂ ಸಿಗುತ್ತವೆ. ಸಿಕ್ಕಾಗ ನೋಡಿಕೊಳ್ಳಿ, ಕೆಡವುವುದು ನಡೆದೇ ಇದೆ.

ಹಂತ 6: ಉಪಯೋಗವಿಲ್ಲದ್ದನ್ನು ಗುರುತಿಸುವುದು

ಎಲ್ಲಿಗೂ ಹೋಗದ ಮೆಟ್ಟಿಲು, ಗಾಳಿಗೆ ತೆರೆಯುವ ಎರಡನೇ ಮಹಡಿಯ ಬಾಗಿಲು. ಇವಕ್ಕೆ ಜಪಾನಿನಲ್ಲಿ ‘ತೋಮಾಸನ್’ ಎಂಬ ಹೆಸರು. ಕಲಾವಿದ ಅಕಾಸೆಗಾವಾ ಗೆನ್‌ಪೇ 1980ರ ದಶಕದಲ್ಲಿ ಇಟ್ಟದ್ದು. ಯೊಮಿಯುರಿ ಜೈಂಟ್ಸ್ ಬೇಸ್‌ಬಾಲ್ ತಂಡ ಅಮೆರಿಕದಿಂದ ಕರೆಸಿಕೊಂಡ ಗ್ಯಾರಿ ಥಾಮಸನ್ ಬ್ಯಾಟು ಬೀಸಿದ್ದೇ ಬೀಸಿದ್ದು, ಚೆಂಡಿಗೆ ತಾಗುತ್ತಿರಲಿಲ್ಲ. ಹಾಗಾಗಿ ಈ ಹೆಸರು.

ಈಗ ಎಲ್ಲರೂ ಕಂಡದ್ದಕ್ಕೆಲ್ಲ ತೋಮಾಸನ್ ಎನ್ನುತ್ತಾರೆ. ಅದು ಸಲ್ಲದು. ಮೂರೂ ಇರಬೇಕು: ಕಟ್ಟಡಕ್ಕೋ ನೆಲಕ್ಕೋ ಅಂಟಿಕೊಂಡಿರಬೇಕು, ಉಪಯೋಗ ಇರಬಾರದು, ಆದರೂ ಯಾರೋ ಅದನ್ನು ಉಳಿಸಿಕೊಂಡು ಬರುತ್ತಿರಬೇಕು. ಹಾಳುಬಿದ್ದ ಮೆಟ್ಟಿಲು ಬರೀ ಹಾಳು. ಗೋಡೆಗೆ ಹೋಗಿ ನಿಲ್ಲುವ ಮೆಟ್ಟಿಲಿಗೆ ಹೊಸ ಬಣ್ಣದ ಕೈಹಿಡಿ ಹಾಕಿದ್ದರೆ ಅದು ತೋಮಾಸನ್.

ತೀರ್ಪು ಕೊಡುವ ಮೊದಲು ಇಲ್ಲೂ ಇನ್ನೊಂದು ರಸ್ತೆಯಿಂದ ನೋಡಲೇಬೇಕು. ಗಾಳಿಗೆ ತೆರೆಯುವ ಬಾಗಿಲು ಎಂದು ನಾನು ಸಂಭ್ರಮದಿಂದ ಬರೆದುಕೊಂಡದ್ದು ಮೇಲಿನ ರಸ್ತೆಯಿಂದ ನೋಡಿದರೆ ದೊಡ್ಡ ಸಾಮಾನು ಒಳಗೆ ಸಾಗಿಸುವ ದಾರಿಯಾಗಿತ್ತು, ಹಗ್ಗ ಕಟ್ಟುವ ಕೊಂಡಿ ಸಹ ಇತ್ತು. ಗುಡ್ಡದ ಮೆಟ್ಟಿಲು ಕುರುಡಾಗಲು ಸಾಮಾನ್ಯ ಕಾರಣ ಮೇಲಿನವರು ತಡೆಗೋಡೆ ಹೊಸದಾಗಿ ಕಟ್ಟಿಸಿದ್ದು. ಗೋಡೆಯ ಕಾಂಕ್ರೀಟು ಮೆಟ್ಟಿಲಿಗಿಂತ ಬಿಳಿಯಾಗಿದೆಯೇ ನೋಡಿ.

ಹಂತ 7: ಅಳೆಯಿರಿ, ಬರೆಯಿರಿ, ಆಮೇಲೆ ಫೋಟೋ

ಟೇಪು ಹಿಡಿದು ಪರರ ಗೋಡೆ ಅಳೆಯುವಂತಿಲ್ಲ. ಬೀದಿಯಲ್ಲೇ ಅಳತೆಗೋಲುಗಳಿವೆ. ಸಿಮೆಂಟ್ ಬ್ಲಾಕು ಗಾರೆ ಸೇರಿ 40 ಸೆಂಟಿಮೀಟರ್ ಉದ್ದ, 20 ಎತ್ತರ. ವರಸೆ ಎಣಿಸಿ ಇಪ್ಪತ್ತರಿಂದ ಗುಣಿಸಿ. ಬರಿ ಕಾಂಕ್ರೀಟಿನ ಮೇಲೆ ಸೆಂಟ್ರಿಂಗ್ ಹಲಗೆಯ ಗೆರೆ ಉಳಿದಿರುತ್ತದೆ, ಒಂದು ಹಲಗೆ 90ಕ್ಕೆ 180. ಪಕ್ಕದಲ್ಲಿ ತಂಪುಪಾನೀಯದ ಯಂತ್ರ ಇದ್ದರೆ ಅದರ ಎತ್ತರ ಸಾಮಾನ್ಯವಾಗಿ 183. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ 60 ಅಗಲ.

ನೋಟ್‌ಬುಕ್ಕಿನಲ್ಲಿ ಒಂದು ಕಟ್ಟಡಕ್ಕೆ ಒಂದು ಪುಟ. ನಡುವೆ ಅಡ್ಡಕೊಯ್ತದ ಗೆರೆಚಿತ್ರ: ಮೇಲಿನ ರಸ್ತೆ, ಮನೆ, ಗೋಡೆ, ಕೆಳಗಿನ ರಸ್ತೆ. ಚಿತ್ರ ಬರೆಯಲು ಬರುವುದಿಲ್ಲ ಎನ್ನುವವರಿಗೂ ನಾಲ್ಕು ಗೆರೆ ಎಳೆಯಲು ಬರುತ್ತದೆ. ಕೆಳಗೆ ಒಂದೇ ಸಾಲು: ‘ಇದು ವಿಚಿತ್ರ, ಯಾಕೆಂದರೆ…’. ಆ ಸಾಲು ತುಂಬದಿದ್ದರೆ ಫೋಟೋ ತೆಗೆಯಬೇಡಿ. ಈ ಒಂದು ಕಟ್ಟಳೆಯಿಂದ ಇನ್ನೂರು ಫೋಟೋ ಹದಿನೈದಕ್ಕೆ ಇಳಿಯುತ್ತದೆ.

ಜಾಗ ಗುರುತಿಗೆ ಬೀದಿ ಮೂಲೆಯ ಫಲಕದಲ್ಲಿರುವ ಬಡಾವಣೆ, ಚೋಮೆ (ಬಡಾವಣೆಯ ಉಪವಿಭಾಗ), ಬ್ಲಾಕ್ ಸಂಖ್ಯೆ ಸಾಕು. ಬಾಗಿಲ ಮೇಲಿನ ಹೆಸರಿನ ಫಲಕ ಬರೆದುಕೊಳ್ಳಬೇಡಿ, ಫೋಟೋದಲ್ಲೂ ಬರಬಾರದು. ಒಣಹಾಕಿದ ಬಟ್ಟೆ, ಮಕ್ಕಳು, ಕಾರಿನ ನಂಬರು ಇವೂ ಅಷ್ಟೇ. ಕಟ್ಟಡದ ಹೊರಮುಖದ ಫೋಟೋ ತೆಗೆಯಲು ಜಪಾನಿನ ಕೃತಿಸ್ವಾಮ್ಯ ಕಾನೂನು ಅಡ್ಡ ಬರುವುದಿಲ್ಲ. ಆದರೆ ಕಿಟಕಿಯೊಳಗೆ ಇಣುಕುವುದು ಬೇರೆಯೇ ಅಪರಾಧ.

ಎಲ್ಲಿ ನಿಲ್ಲಬಾರದು

2018ರ ಜೂನ್ 18ರಂದು ಉತ್ತರ ಒಸಾಕಾದ ಭೂಕಂಪದಲ್ಲಿ ತಾಕಾತ್ಸುಕಿಯ ಶಾಲೆಯೊಂದರ ಬ್ಲಾಕ್ ಗೋಡೆ ಬಿದ್ದು, ಪಕ್ಕದಲ್ಲಿ ನಡೆದು ಹೋಗುತ್ತಿದ್ದ ಬಾಲಕಿ ಸತ್ತಳು. ಬ್ಲಾಕ್ ಗೋಡೆಗೆ 2.2 ಮೀಟರ್ ಮಿತಿ, 1.2 ದಾಟಿದರೆ 3.4 ಮೀಟರಿಗೊಂದು ಆನುಗೋಡೆ ಇರಬೇಕು. ಹನ್ನೊಂದಕ್ಕಿಂತ ಹೆಚ್ಚು ವರಸೆ ಎಣಿಸಿದಿರಾದರೆ ಅಲ್ಲಿ ಒರಗಿ ನಿಂತು ಟಿಪ್ಪಣಿ ಬರೆಯಬೇಡಿ, ರಸ್ತೆಯ ಆಚೆ ಬದಿಗೆ ಹೋಗಿ.

ಮಳೆ ಇಲ್ಲ ಎಂಬ ಧೈರ್ಯವೂ ಬೇಡ. 2020ರ ಫೆಬ್ರವರಿಯಲ್ಲಿ ಯೊಕೊಹಾಮಾ ಪಕ್ಕದ ಜುಶಿ ಊರಿನಲ್ಲಿ ಅಪಾರ್ಟ್‌ಮೆಂಟಿನ ಕೆಳಗಿನ ಇಳಿಜಾರು ಕುಸಿದು ದಾರಿಹೋಕ ವಿದ್ಯಾರ್ಥಿನಿಯೊಬ್ಬಳು ಸತ್ತದ್ದು ಮಳೆಯಿಲ್ಲದ ದಿನ. ಗೋಡೆಯ ಹೊಟ್ಟೆ ಉಬ್ಬಿದ್ದರೆ, ಬಿರುಕಿನ ಎರಡು ಅಂಚು ಹಿಂದೆಮುಂದೆ ಆಗಿದ್ದರೆ, ನೀರಿನ ತೂತು ಬಿಟ್ಟು ಬೇರೆಲ್ಲೋ ನೀರು ಜಿನುಗುತ್ತಿದ್ದರೆ, ತೂತಿನಿಂದ ಮಣ್ಣು ಬರುತ್ತಿದ್ದರೆ ಒಂದು ನೋಟ ನೋಡಿ ಮುಂದೆ ನಡೆಯಿರಿ. 30 ಡಿಗ್ರಿಗಿಂತ ಕಡಿದು, 5 ಮೀಟರಿಗಿಂತ ಎತ್ತರದ ಅಪಾಯದ ಇಳಿಜಾರುಗಳಲ್ಲಿ ಎಚ್ಚರಿಕೆ ಫಲಕ ಹಾಕಿರುತ್ತಾರೆ. ಆ್ಯಪ್ ಹಿಡಿದು ಓದಿ.

ಖಾಲಿ ಮನೆ, ‘ಆಕಿಯಾ’, ಕಂಡರೆ ಒಳಗೆ ಹೋಗುವ ಆಸೆ ಹುಟ್ಟುತ್ತದೆ. ಅಂಚೆ ಸೀಳಿಗೆ ಟೇಪು ಅಂಟಿಸಿದೆ, ಕರೆಂಟ್ ಮೀಟರ್ ಕಿತ್ತಿದೆ, ಗೇಟನ್ನು ಬಳ್ಳಿ ನುಂಗಿದೆ. 2023ರ ಸರ್ಕಾರಿ ಸಮೀಕ್ಷೆಯಲ್ಲಿ ಜಪಾನಿನ ಖಾಲಿ ಮನೆಗಳು ಸುಮಾರು 90 ಲಕ್ಷ, ಒಟ್ಟು ಮನೆಗಳ 13.8%. ಅಷ್ಟಿವೆ ಎಂದು ಅವು ಊರೊಟ್ಟಿನ ಆಸ್ತಿಯಲ್ಲ. ಗೇಟು ಮುಟ್ಟಬೇಡಿ.

‘ಶಿದೋ’ ಎಂದರೆ ಖಾಸಗಿ ರಸ್ತೆ, ‘ಇಕಿದೊಮಾರಿ’ ಎಂದರೆ ಮುಂದೆ ದಾರಿಯಿಲ್ಲ. ಈ ಎರಡು ಫಲಕ ಗೊತ್ತಿಲ್ಲದೆ ನಾನೊಮ್ಮೆ ಮೆಟ್ಟಿಲು ಇಳಿಯುತ್ತಾ ಹೋಗಿ ಯಾರದೋ ಬಚ್ಚಲಿನ ಕಿಟಕಿ ಎದುರು ನಿಂತಿದ್ದೆ. ಹತ್ತು ನಿಮಿಷಕ್ಕೆ ಸೈಕಲ್ಲಿನಲ್ಲಿ ಪೊಲೀಸಪ್ಪ ಬಂದ. ಕಾರ್ಡು ತೋರಿಸಿ, ನೋಟ್‌ಬುಕ್ಕಿನ ಗೋಡೆಚಿತ್ರ ತೋರಿಸಿ, ‘ಸುಮಿಮಾಸೆನ್’ ಎಂದು ಹತ್ತು ಸಲ ತಲೆ ಬಾಗಿಸಿದ ಮೇಲೆ ಬಿಟ್ಟ. ಕೊನೆಗೆ ಅವನೇ ಇನ್ನೊಂದು ಬೀದಿಯ ಮೆಟ್ಟಿಲಿನ ಗುರುತು ಹೇಳಿ ಹೋದ. ಎದುರಾದವರಿಗೆ ಮೊದಲೇ ‘ಕೊನ್ನಿಚಿವಾ’ ಎಂದುಬಿಡಿ. ಯಾರಾದರೂ ಕೇಳಿದರೆ ‘ತಾತೆಮೊನೊ ಒ ಮಿನಾಗಾರಾ ಸಾಂಪೊ ಶಿತೆ ಇಮಾಸ್’, ಕಟ್ಟಡ ನೋಡುತ್ತಾ ವಾಕಿಂಗ್ ಮಾಡುತ್ತಿದ್ದೇನೆ ಎಂದು ಹೇಳಿ. ನಾಲ್ಕು ಜನಕ್ಕಿಂತ ಹೆಚ್ಚು ಒಟ್ಟಿಗೆ ಹೋಗಬೇಡಿ, ಸಾಲಾಗಿ ನಡೆಯಿರಿ, ಕನ್ನಡದಲ್ಲಿ ಕೂಗಾಡಬೇಡಿ. ಕಣಿವೆಯ ಗೋಡೆಗಳಿಗೆ ಬಡಿದು ಮಾತು ಎರಡರಷ್ಟಾಗಿ ಮೂರನೇ ಬೀದಿಗೆ ಕೇಳಿಸುತ್ತದೆ.

ಹಂತ 8: ಅದೇ ರಾತ್ರಿ ಮಾಡುವ ಕೆಲಸ

ನಾಳೆಗೆ ಬಿಟ್ಟರೆ ಕೆಡುತ್ತದೆ. ಹಂತ 1ರ ನಕ್ಷೆ ಮತ್ತೆ ತೆರೆದು, ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ಹಳೆಯ ವಿಮಾನಚಿತ್ರದಲ್ಲಿ ಅದೇ ಜಾಗ ಹುಡುಕಿ. ಮನೆ ನಿಂತದ್ದು ಕಡಿದ ನೆಲದ ಮೇಲೋ, ತುಂಬಿದ ನೆಲದ ಮೇಲೋ ಎಂದು ಪುಟದ ಮೂಲೆಯಲ್ಲಿ ಬರೆಯಿರಿ. ನೀವು ಬಿರುಕು ಕಂಡ ಗೋಡೆ ತುಂಬಿದ ಯಾತೊ ಮೇಲಿದೆಯೇ ನೋಡಿ. ಯೊಕೊಹಾಮಾ ನಗರವೂ ದೊಡ್ಡ ಪ್ರಮಾಣದಲ್ಲಿ ಮಣ್ಣು ತುಂಬಿದ ಜಾಗಗಳ ನಕ್ಷೆ ಪ್ರಕಟಿಸಿದೆ, ಅದರೊಡನೆ ಹೋಲಿಸಬಹುದು.

‘ಯಾಕೆಂದರೆ’ ಸಾಲು ಎಲ್ಲಿ ಇನ್ನೂ ಅರ್ಧಕ್ಕೇ ನಿಂತಿದೆಯೋ ಆ ಪುಟಗಳಿಗೆ ಕಿವಿ ಮಡಚಿ. ಮುಂದಿನ ಭಾನುವಾರ ಆ ಪುಟಗಳ ಬೀದಿಗೇ ಹೋಗಿ, ಈ ಸಲ ಕೆಳಗಿನ ರಸ್ತೆಯಿಂದ ಶುರುಮಾಡಿ. ನನ್ನ ನೋಟ್‌ಬುಕ್ಕಿನಲ್ಲಿ ಕಿವಿ ಮಡಚಿದ ಒಂದು ಪುಟ ಮೂರು ವರ್ಷದಿಂದ ಹಾಗೇ ಇದೆ: ಸೈಜುಗಲ್ಲಿನ ಗೋಡೆಯ ಅರ್ಧ ಎತ್ತರದಲ್ಲಿ ಒಂದು ನೀಲಿ ಬಾಗಿಲು, ಮೆಟ್ಟಿಲಿಲ್ಲ, ಆದರೆ ಹಿಡಿ ಮಾತ್ರ ಕೈ ತಾಗಿ ತಾಗಿ ಹೊಳೆಯುತ್ತಿರುತ್ತದೆ.